ಗೇಣುದ್ದದ ರೇವಣಪ್ಪ

ನಿಲಂಗಾದ ಮಠದ ಹಿಂದಿನ ಓಣಿಯಲ್ಲಿದ್ದ ಶರಣಬಸಮ್ಮನಿಗೆ ಬೊಂಬೆ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಗಂಡ ಸಿದ್ಧಯ್ಯ ಊರಿನ ಒಕ್ಕಲು ಮನೆಗಳಿಗೆ ಅಯ್ಯನವರು. ಲಗ್ನವಿರಲಿ, ತೊಟ್ಟಿಲಿರಲಿ, ಮಣ್ಣು ಕೊಡುವುದಿರಲಿ, ಅವರು ಹೋಗದೆ ನಡೆಯುತ್ತಿರಲಿಲ್ಲ. ಅವರು ಮನೆಮನೆ ತಿರುಗುವ ಹೊತ್ತಿನಲ್ಲಿ ಈಕೆ ಪಡಸಾಲೆಯ ಬೆಳಕಿಗೆ ಕೂತು, ಮಹಾಲಕ್ಷ್ಮಿ ಹಬ್ಬದಲ್ಲಿ ದೇವಿಯ ಮುಂದೆ ಸಾಲಾಗಿ ಇಡುವ ಸಣ್ಣ ಸಣ್ಣ ಜನರನ್ನು ಮಾಡುತ್ತಿದ್ದಳು. ಬೀಸುವವಳು, ಮೊಸರು ಕಡೆಯುವವಳು, ಬಾರುಕೋಲು ಹಿಡಿದ ರೈತ, ಪಲ್ಲಕ್ಕಿ ಹೊತ್ತವರು. ಊರಿನ ದೊಡ್ಡ ಮನೆಗಳವರು ಹಬ್ಬ ಬಂತೆಂದರೆ ಆಕೆಯ ಬಾಗಿಲಿಗೆ ಬರುತ್ತಿದ್ದರು.

ಮೊದಮೊದಲು ಕೆರೆಯ ಮಣ್ಣಿನಲ್ಲೇ ಮಾಡುತ್ತಿದ್ದಳು. ಮಣ್ಣು ಒಣಗುವಾಗ ಮೂಗು ಬಿರಿಯುತ್ತಿತ್ತು, ಬೆರಳು ಉದುರುತ್ತಿದ್ದವು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ಊರಿನ ಕಚೇರಿಯ ಕಿಟಕಿಗಳಿಗೆ ಹೊಸ ಗಾಜು ಕೂಡಿಸುತ್ತಿದ್ದರು. ಬಡಿಗ ಗಾಜಿನ ಅಂಚಿಗೆ ಏನೋ ಬೆಳ್ಳಗಿನದನ್ನು ಮೆತ್ತಿ, ಹೆಬ್ಬೆರಳಿನಿಂದ ಎಳೆಯುತ್ತಿದ್ದ. ನೀರಿಗೆ ಹೋಗುತ್ತಿದ್ದ ಶರಣಬಸಮ್ಮ ಕೊಡ ಕೆಳಗಿಟ್ಟು ನಿಂತೇಬಿಟ್ಟಳು. ಅದಕ್ಕೆ ಲಾಂಬಿ ಅನ್ನುತ್ತಾರೆ, ಸುಣ್ಣದ ಕಲ್ಲಿನ ನುಣುಪು ಪುಡಿಗೆ ಅಗಸೆ ಎಣ್ಣೆ ಹಾಕಿ ಕುಟ್ಟಿದರೆ ಆಯಿತು ಎಂದು ಬಡಿಗನೇ ಹೇಳಿದ. ಅಗಸೆಗೆ ಆ ಸೀಮೆಯಲ್ಲಿ ಬರವಿರಲಿಲ್ಲ. ಅಂದಿನಿಂದ ಆಕೆ ಮಣ್ಣು ಮುಟ್ಟಲಿಲ್ಲ. ಲಾಂಬಿ ಬೇಗ ಒಣಗುವುದಿಲ್ಲ. ಒದ್ದೆ ಅರಿವೆ ಹೊದಿಸಬೇಕಾಗಿಲ್ಲ. ಇವತ್ತು ಬಿಟ್ಟ ಕಣ್ಣನ್ನು ನಾಳೆ ತಿದ್ದಬಹುದು. ಜಾಲಿಮುಳ್ಳಿನಿಂದ ರೆಪ್ಪೆ ಸೀಳುತ್ತಿದ್ದಳು, ಮುರಿದ ಬಾಚಣಿಗೆಯ ಹಲ್ಲಿನಿಂದ ರುಮಾಲಿನ ಮಡಿಕೆ ಎಳೆಯುತ್ತಿದ್ದಳು. ಜೋಳದ ಕಾಳಿನಷ್ಟು ಲಾಂಬಿಯನ್ನು ಉಂಡೆ ಮಾಡಿ, ಒತ್ತಿ, ಸೂಜಿಯ ತುದಿಯಿಂದ ಒಂದು ಸುತ್ತು ಕೊಟ್ಟರೆ ಅದು ಕಿವಿಯಾಗುತ್ತಿತ್ತು. ಎಲ್ಲರ ಕಿವಿಯೂ ಒಂದೇ ಥರ ಇರುತ್ತಿತ್ತು, ಯಾಕೆಂದರೆ ಅವರು ಯಾರೂ ನಿಜವಾದ ಮನುಷ್ಯರಾಗಿರಲಿಲ್ಲ.

ನಿಜವಾದ ಮನುಷ್ಯನನ್ನು ಮಾಡಿಕೊಡಿ ಎಂದು ಮೊದಲು ಕೇಳಿದವಳು ಉಮಾಬಾಯಿ.

ಉಮಾಬಾಯಿಯದು ಊರ ಹೊರಗೆ ಹೊಲವಿದ್ದ, ಹಿಂದಿನಿಂದ ಅಲ್ಲೇ ನೆಲೆಸಿದ್ದ ಮನೆತನ. ಹಿರಿಯ ಮಗ ರೇವಣಪ್ಪ ರಜಾಕಾರರ ಕಾಲದಲ್ಲಿ ಊರಿನ ಕೆಲವರ ಜೊತೆ ನಿಜಾಮನ ಸರಹದ್ದು ದಾಟಿ ಸೋಲಾಪುರದ ಕಡೆಗೆ ಹೊರಟಿದ್ದ. ಹಳ್ಳವೊಂದರ ಹತ್ತಿರ ಗುಂಡು ಹಾರಿತು, ಗುಂಪು ಚದುರಿತು. ಹಿಂದಿರುಗಿದವರು ರೇವಣಪ್ಪ ನೀರಿಗೆ ಬಿದ್ದದ್ದನ್ನು ಕಂಡೆವು ಅಂದರು. ಹೆಣ ಸಿಗಲಿಲ್ಲ. ಪೊಲೀಸ್ ಆಕ್ಷನ್ ಆಗಿ, ಜನ ಹಿಂದಿರುಗಿ, ಎಷ್ಟೋ ಸುಗ್ಗಿಗಳು ಕಳೆದರೂ ಅವನು ಬರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ ಉಮಾಬಾಯಿ, ತಮ್ಮ ವೀರಭದ್ರ, ಮತ್ತು ರೇವಣಪ್ಪನ ಹೆಂಡತಿ ಚಂಪಾಬಾಯಿ. ಮದುವೆಯಾದ ಮರುವರ್ಷವೇ ಗಂಡ ಹೋದವನು. ಹಣೆಗೆ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು, ಆದರೆ ಉಡಿ ತುಂಬುವಾಗ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ.

ಉಮಾಬಾಯಿ ಬಂದದ್ದು ಬೆಳಗಿನ ಹೊತ್ತು. ಸಿದ್ಧಯ್ಯನವರೂ ಮನೆಯಲ್ಲಿದ್ದರು.

"ಅಮ್ಮನೋರ, ನನ್ನ ಮಗನ್ನ ಮಾಡಿಕೊಡ್ರಿ. ಗೇಣುದ್ದ ಇದ್ದರ ಸಾಕು. ದೇವರ ಜಗಲಿ ಮ್ಯಾಲ ಇಡ್ತೀನಿ."

ಸಿದ್ಧಯ್ಯ ನಡುವೆ ಬಾಯಿ ಹಾಕಿದರು. "ಐಕ್ಯ ಆದವ್ರು ಶಿವನಾಗ ಕೂಡ್ತಾರ ಉಮಾಬಾಯಿ. ಅವರಿಗೆ ಗೊಂಬಿ ಯಾಕ?"

"ಅಂವಾ ಶಿವನಾಗ ಕೂಡಿದ್ದು ಯಾರು ನೋಡ್ಯಾರ್ರೀ ಅಯ್ಯನೋರ? ಮಣ್ಣು ಕೊಟ್ಟಿಲ್ಲ. ಗದ್ದಿಗಿ ಇಲ್ಲ. ಫೋಟೋ ಅಂತೂ ತೆಗಿಸೇ ಇಲ್ಲ. ಹಬ್ಬಕ್ಕ ಎಡಿ ಹಿಡದರ ಯಾರ ಮುಂದ ಹಿಡೀಲಿ? ನನಗ ಒಂದು ಮಾರಿ ಬೇಕ್ರಿ."

ಸಿದ್ಧಯ್ಯ ಪಂಚಾಂಗ ತೆರೆದರು. ಕೊನೆಗೆ, ಶಿವರಾತ್ರಿ ಮುಗಿದ ಮೇಲಿನ ಸೋಮವಾರ ಬೊಂಬೆಯನ್ನು ಜಗಲಿಗೆ ಇಡುವುದು, ಸತ್ತವನಿಗೆ ಆಗಬೇಕಾದ ಕ್ರಿಯೆಗಳನ್ನೆಲ್ಲ ಅಂದೇ ಮುಗಿಸುವುದು ಎಂದು ಮಾತಾಯಿತು. ಚಂಪಾಬಾಯಿಯ ತಾಳಿ ತೆಗೆಯುವುದೂ ಅದರಲ್ಲಿ ಬಂತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ರೇವಣಪ್ಪನನ್ನು ಶರಣಬಸಮ್ಮ ನೋಡಿದ್ದಳು. ಆದರೆ ಓಣಿಯಲ್ಲಿ ಹಾದುಹೋಗುವ ಗಂಡಸನ್ನು ನೋಡಿದ್ದು ಎಷ್ಟು? ರುಮಾಲು, ಧೋತರ, ಒಂದು ನೆರಳು. ಮುಖ ನೆನಪಾಗಲಿಲ್ಲ. ಹಾಗಾಗಿ ಲಾಂಬಿಯ ಉಂಡೆಯನ್ನು ಎಣ್ಣೆಯ ಅರಿವೆಯಲ್ಲಿ ಸುತ್ತಿಕೊಂಡು ಆಕೆ ಉಮಾಬಾಯಿಯ ಮನೆಗೇ ಹೋಗಿ ಕೂತಳು. ಮನೆಯವರು ಹೇಳಬೇಕು, ಆಕೆ ತಿದ್ದಬೇಕು.

ಬಿದಿರಿನ ಕಡ್ಡಿಗೆ ಹಿಂಜಿ ಸುತ್ತಿದ ನಾರು, ಅದರ ಮೇಲೆ ಮೈ, ಧೋತರ, ಅಂಗಿ. ಅಲ್ಲಿಯತನಕ ಸುಲಭ. ತಲೆ ಅಡಿಕೆಯಷ್ಟು. ಅದರಲ್ಲಿ ಒಬ್ಬ ಮನುಷ್ಯ ಬರಬೇಕಾಗಿತ್ತು.

ಉಮಾಬಾಯಿ ಹೇಳಿದ ಮಗನಿಗೆ ಅಗಲವಾದ ಹಣೆ, ದೊಡ್ಡ ಕಣ್ಣು, ಸದಾ ನಗು. ಹೇಳುತ್ತಾ ಹೇಳುತ್ತಾ ಅವನು ಇನ್ನಷ್ಟು ಚೆಲುವನಾಗುತ್ತಿದ್ದ. ವೀರಭದ್ರ ಹೊಲದಿಂದ ಬಂದು ಕೈಕಾಲು ತೊಳೆದು, ಬಗ್ಗಿ ನೋಡಿ, "ಅಣ್ಣ ನನ್ನಂಗೇ ಇದ್ದ್ರಿ. ಮೂಗು ಬರೋಬ್ಬರಿ ಇದೇ ಮೂಗು," ಎಂದು ತನ್ನ ಮೂಗು ತೋರಿಸಿದ. ಶರಣಬಸಮ್ಮ ಇಬ್ಬರು ಹೇಳಿದ್ದನ್ನೂ ಮಾಡಿದಳು. ಆದದ್ದು ಹಬ್ಬದ ಸಾಲಿನಲ್ಲಿ ಇಡಬಹುದಾದ ಇನ್ನೊಬ್ಬ ರೈತ, ಅಷ್ಟೇ. ಉಮಾಬಾಯಿ ಅದನ್ನೇ ಎದೆಗೆ ಒತ್ತಿಕೊಂಡು ಅತ್ತಳು. ಶರಣಬಸಮ್ಮನಿಗೆ ಸಮಾಧಾನವಾಗಲಿಲ್ಲ. ಮುದುಕಿ ಅತ್ತಳೆಂದು ಮಾರಿ ಸರಿಯಾಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಈ ದಿನಗಳಲ್ಲೆಲ್ಲ ಚಂಪಾಬಾಯಿ ಹತ್ತಿರ ಸುಳಿದಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಚಹಾದ ಬಟ್ಟಲು ಹೊಸ್ತಿಲಿಗೆ ಬಂದು ಕೂರುತ್ತಿತ್ತು. ಒಂದು ಮಧ್ಯಾಹ್ನ ಉಮಾಬಾಯಿ ಹೊಲಕ್ಕೆ ಹೋಗಿದ್ದಾಗ ಆಕೆ ಹಿಟ್ಟಿನ ಕೈ ಸೆರಗಿಗೆ ಒರಸಿಕೊಳ್ಳುತ್ತ ಬಂದು ಎದುರಿಗೆ ಕೂತಳು. ಬೊಂಬೆಯನ್ನು ಎತ್ತಿ ತಿರುವಿ ನೋಡಿದಳು.

"ಇಂವಾ ಯಾರ್ರಿ?"

"ನಿನ್ನ ಗಂಡ."

"ಅಂವಾ ನಗತಿದ್ದಿಲ್ರಿ," ಅಂದಳು ಚಂಪಾಬಾಯಿ. "ನಕ್ಕರೂ ತುಟಿ ಬಿಚ್ಚತಿದ್ದಿಲ್ಲ. ಹಣಿ ಸಣ್ಣದು. ಎಡಗಡೆ ಹುಬ್ಬು ನಡುವೆ ಕಡದದ. ಸಣ್ಣಾಂವ ಇದ್ದಾಗ ಕೊಟ್ಟಿಗಿ ಬಾಗಲು ಬಡದಿತ್ತಂತ."

ಶರಣಬಸಮ್ಮ ಮುಳ್ಳು ತೆಗೆದುಕೊಂಡಳು. ತುಟಿ ಮುಚ್ಚಿದಳು. ಹಣೆಯ ಮೇಲೆ ರುಮಾಲನ್ನು ಇಳಿಸಿದಳು. ಹುಬ್ಬನ್ನು ಕಡಿದಳು.

"ಕಿವಿ?" ಎಂದು ಕೇಳಿದಳು.

"ಬಲಗಿವಿ ಹಾಲಿ ಹರದದ. ಒಂಟಿ ಹಾಕ್ಕೊಂಡಿದ್ದಾಗ ಕರ ಎಳದಿತ್ತು. ಹರದದ್ದು ಹಂಗೇ ಕೂಡಿ, ಎರಡು ಎಸಳು ಆಗ್ಯಾವ."

ಎರಡು ಎಸಳು. ಅದಕ್ಕೆ ಸೂಜಿಯೂ ದಪ್ಪವಾಯಿತು. ಶರಣಬಸಮ್ಮ ತಲೆಗೂದಲೊಂದನ್ನು ಕಿತ್ತು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಿವಿಯ ಹಾಲೆಯನ್ನು ಸೀಳಿದಳು. ಚಂಪಾಬಾಯಿ ಬಗ್ಗಿ ನೋಡುತ್ತಿದ್ದಳು.

"ಇನ್ನೊಂದು," ಅಂದಳು. "ನಿಂತಾಗ ಹಿಂಗ ನಿಲ್ಲತಿದ್ದಿಲ್ಲ. ಎಡಗೈ ಮುಷ್ಟಿ ಮಾಡ್ತಿದ್ದ. ಹೆಬ್ಬೆಟ್ಟು ಒಳಗ ಇಟ್ಟು. ಕೂಸು ಇಡ್ತಾವಲ್ಲ, ಹಂಗ."

ಆಕೆ ತನ್ನ ಕೈಯಿಂದಲೇ ಮಾಡಿ ತೋರಿಸಿದಳು. ಶರಣಬಸಮ್ಮ ಅಗಲಿಸಿಟ್ಟಿದ್ದ ಐದು ಬೆರಳುಗಳನ್ನು ಕಿತ್ತುಹಾಕಿ ಮುಷ್ಟಿ ಮಾಡಿದಳು. ಮಡಚಿದ ನಾಲ್ಕು ಬೆರಳುಗಳ ಸಂದಿಯಲ್ಲಿ ಹೆಬ್ಬೆರಳಿನ ತುದಿ ಎಳ್ಳಿನಷ್ಟು ಕಾಣಬೇಕಾಗಿತ್ತು. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಬಂತು. ಬಂದ ಕೂಡಲೇ ಚಂಪಾಬಾಯಿ ಸ್ವಲ್ಪ ಹಿಂದಕ್ಕೆ ಸರಿದಳು, ಎದುರಿಗೆ ಯಾರೋ ಬಂದು ನಿಂತರೆ ಸರಿಯುವ ಹಾಗೆ.

"ಇಷ್ಟು ನೆನಪು ಇಟ್ಟೀಯಲ್ಲ ತಂಗಿ," ಅಂದಳು ಶರಣಬಸಮ್ಮ.

ಚಂಪಾಬಾಯಿ ನೆಲ ನೋಡಿದಳು. "ನೆನಪು ಇಟ್ಟಿಲ್ರಿ ಅಮ್ಮನೋರ. ಮರೀಲಿಕ್ಕ ಆಗವಲ್ತು. ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ? ದೇವಣಿ ಊರಾಗ ಕಲ್ಯಾಣಪ್ಪ ಅಂತ ಅದಾನ. ಹೆಂಡ್ತಿ ತೀರ್‍ಯಾಳ. ಉಡಕಿ ಮಾಡ್ಕೋತೀನಿ ಅಂತ ನಮ್ಮ ಅಣ್ಣನ ಕಡಿಂದ ಹೇಳಿ ಕಳಿಸ್ಯಾನ. ಇವರು ಇಂವನ್ನ ಸತ್ತ ಅಂತ ಒಪ್ಪೋತನಕ ನಾ ಇಲ್ಲಿಂದ ಎದ್ದು ಹೋಗಲಿಕ್ಕ ಬರಂಗಿಲ್ಲ. ಅದಕ್ಕ ಬಂದು ಕೂತೆ. ಆದಷ್ಟು ಜಲ್ದಿ ಮುಗಿಲಿ ಅಂತ."

ವಿಧವೆಯ ಮರುಮದುವೆಗೆ ಅವರ ಜನದಲ್ಲಿ ಉಡಕಿ ಅನ್ನುತ್ತಾರೆ. ಅದೇನು ಹೊಸದಲ್ಲ, ತಪ್ಪೂ ಅಲ್ಲ. ಆದರೆ ಗಂಡ ಸತ್ತ ಮೇಲೆ. ಶರಣಬಸಮ್ಮನಿಗೆ ಸಿಟ್ಟು ಬರಲಿಲ್ಲ, ಮರುಕವೂ ಉಕ್ಕಲಿಲ್ಲ. ಬಾಗಿಲ ಬೆಳಕಿಗೆ ಬೊಂಬೆಯನ್ನು ಹಿಡಿದು ಕಿವಿಯನ್ನು ಇನ್ನೊಮ್ಮೆ ನೋಡಿದಳು. ಕೆಲಸ ಚೆನ್ನಾಗಿ ಬಂದಿತ್ತು.

ಲಾಂಬಿ ಗಟ್ಟಿಯಾಗಲು ಬಿಟ್ಟು, ಶಿವರಾತ್ರಿ ಹತ್ತಿರ ಬಂದಾಗ ಬಣ್ಣ ಹಚ್ಚಲು ಶರಣಬಸಮ್ಮ ಮತ್ತೆ ಹೋದಳು. ಬೊಂಬೆ ಪಡಸಾಲೆಯ ಗೂಡಿನಲ್ಲಿ ನಿಂತಿತ್ತು. ಅಗಲ ಹಣೆ, ನಗು ಎಲ್ಲ ಹೋದದ್ದಕ್ಕೆ ಉಮಾಬಾಯಿ ಮೊದಲು ಮುನಿಸಿಕೊಂಡಿದ್ದಳು. ಆಮೇಲೆ ದಿನವೂ ನೋಡುತ್ತ ನೋಡುತ್ತ, "ಹೌದು ನೋಡ್ರಿ, ಹಿಂಗೇ ಇದ್ದ. ನಾನೇ ಮರತಿದ್ದೆ," ಅನ್ನತೊಡಗಿದ್ದಳು.

ಅವತ್ತೇ ಜಳಕೋಟದ ದನದ ದಲಾಲಿ ಗುರುಲಿಂಗಪ್ಪ ಆ ಮನೆಗೆ ಬಂದಿದ್ದ. ವೀರಭದ್ರನ ಹತ್ತಿರ ಒಂದು ಜೋಡಿ ದೇವಣಿ ತಳಿಯ ಹೋರಿಗಳಿದ್ದವು, ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು. ಅವನ್ನು ನೋಡಿ, ಹಲ್ಲು ಎಣಿಸಿ, ಪಡಸಾಲೆಗೆ ಬಂದು ಚಹಾಕ್ಕೆ ಕೂತ. ದಲಾಲಿಯ ಕಣ್ಣು, ಎಲ್ಲಿ ಹೋದರೂ ಮಚ್ಚೆ ಸುಳಿ ಹುಡುಕುವ ಕಣ್ಣು. ಬಟ್ಟಲು ಬಾಯಿಗೆ ಇಟ್ಟವನು ಗೂಡಿನ ಕಡೆ ನೋಡಿ ಹಾಗೇ ಕೆಳಗಿಟ್ಟ. ಎದ್ದು ಹೋಗಿ ಹತ್ತಿರದಿಂದ ನೋಡಿದ.

"ಅರೇ! ಹಾ ತರ್ ರೇವಣ್ಣಾ!" ಇವನು ರೇವಣ್ಣನಲ್ಲವೇ ಎಂದು ಮರಾಠಿಯಲ್ಲಿ ಅಂದವನು ಕನ್ನಡಕ್ಕೆ ಹೊರಳಿದ. "ಸೋಲಾಪುರದ ರೇವಣ್ಣನ್ನ ನೀವು ಯಾವಾಗ ನೋಡೀರಿ?"

ವೀರಭದ್ರ ಎದ್ದು ಬಂದ. ದಲಾಲಿ ಮಾತು ಮುಂದುವರಿಸಿದ.

"ಅರಿವಿ ಗಿರಣ್ಯಾಗ ಕೆಲಸಕ್ಕ ಇದ್ದಾನಲ್ರೀ. ನಮ್ಮ ತಂಗಿ ಇರೋ ಚಾಳಿನ್ಯಾಗೇ ಅಂವನ ಖೋಲಿ. ಹೋದ ದೀಪಾವಳ್ಯಾಗ ಕೂಡಿ ಚಹಾ ಕುಡದೀವಿ. ಈ ಕಿವಿ ನೋಡ್ರಿ, ಹರದ ಕಿವಿ. ಈ ಮುಷ್ಟಿ! ನಾ ಅಂವಗ ಚಾಷ್ಟಿ ಮಾಡ್ತೀನ್ರಿ, ಹೆಬ್ಬೆಟ್ಟು ಯಾರು ಕಸಗೋತಾರ ಬಿಡೋ ಅಂತ."

ಉಮಾಬಾಯಿ ಗೋಡೆ ಹಿಡಿದು ಕೂತಳು. ಮಗನ ಹೆಸರನ್ನೂ ದೇವರ ಹೆಸರನ್ನೂ ಕೂಡಿಸಿ ಕೂಗುತ್ತಿದ್ದಳು. ವೀರಭದ್ರ ದಲಾಲಿಯ ತೋಳು ಹಿಡಿದು ಒಂದೇ ಪ್ರಶ್ನೆಯನ್ನು ತಿರುತಿರುಗಿ ಕೇಳುತ್ತಿದ್ದ. ಒಳಬಾಗಿಲಲ್ಲಿ ನಿಂತಿದ್ದ ಚಂಪಾಬಾಯಿ ಮಾತ್ರ ಶರಣಬಸಮ್ಮನ ಕಡೆ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು.

ಶರಣಬಸಮ್ಮ ಬಣ್ಣದ ಚಿಪ್ಪುಗಳನ್ನು ಮುಚ್ಚಿ ಎದ್ದಳು. ದಾರಿಯಲ್ಲಿ ಆಕೆಗೆ ಒಂದೇ ಯೋಚನೆ. ತಾನು ಮುದುಕಿ ಹೇಳಿದ ನಗುವ ಮಾರಿಯನ್ನೇ ಬಿಟ್ಟಿದ್ದರೆ ದಲಾಲಿ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಸೋಮವಾರ ಬರುತ್ತಿತ್ತು, ಹೋಗುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಸಿದ್ಧಯ್ಯ ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟರು. "ಜೀವಂತ ಇದ್ದವನಿಗೆ ನಾ ಕ್ರಿಯಾ ಮಾಡಾಂವ ಇದ್ದೆ," ಎಂದರು.

ವೀರಭದ್ರ ದಲಾಲಿಯನ್ನು ಕರೆದುಕೊಂಡು ಉಮರಗಾಕ್ಕೆ ಹೋಗಿ, ಅಲ್ಲಿ ಮೋಟಾರು ಹಿಡಿದು ಸೋಲಾಪುರಕ್ಕೆ ಹೋದ. ವಾರದೊಳಗೆ ಅಣ್ಣನನ್ನು ಕರೆತಂದ. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ರೇವಣಪ್ಪ ತೆಳ್ಳಗಾಗಿದ್ದ, ರುಮಾಲು ಬಿಟ್ಟು ಟೋಪಿ ಹಾಕಿದ್ದ, ಮಾತಿನಲ್ಲಿ ಮರಾಠಿಯೇ ಹೆಚ್ಚು. ತಾಯಿಯ ಕಾಲು ಮುಟ್ಟಿದ. ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ. ಹಳ್ಳ ದಾಟಿ ಓಡಿದವನು ಸರಹದ್ದಿನಾಚೆಯ ಶಿಬಿರ ಸೇರಿದ್ದ. ಮೊದಲ ವರ್ಷ ಹೆದರಿಕೆ. ಮುಂದಿನ ವರ್ಷ, ಇಷ್ಟು ದಿನ ಯಾಕೆ ಬರಲಿಲ್ಲ ಅಂದಾರೆಂದು ನಾಚಿಕೆ. ಅಷ್ಟರಲ್ಲಿ ಗಿರಣಿಯ ಮೀರಾಬಾಯಿ ಎಂಬಾಕೆ ಅವನ ಖೋಲಿಗೆ ಬಂದಿದ್ದಳು, ಕೂಸೂ ಆಗಿತ್ತು.

ಗೂಡಿನಲ್ಲಿದ್ದ ಬೊಂಬೆಯನ್ನು ಯಾರೋ ಅವನ ಕೈಗೆ ಕೊಟ್ಟರು. ಅವನು ಅದರ ಮಾರಿಯನ್ನು ಬಹಳ ನೋಡಲಿಲ್ಲ. ಮುಷ್ಟಿಯ ಮೇಲೆ ಉಗುರು ಆಡಿಸಿದ.

"ಇದು ಯಾರು ಹೇಳ್ಯಾರ?" ಎಂದ.

ಹೇಳಿದವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮಠದ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಸಿದ್ಧಯ್ಯ ನಡುವೆ. ಹೆಂಗಸರು ಕಂಬಗಳ ಈಚೆ. ಉಮಾಬಾಯಿಯ ಮಾತು ಸರಳವಾಗಿತ್ತು: ಸೋಲಾಪುರದವಳನ್ನೂ ಕೂಸನ್ನೂ ಕರೆದು ತರಲಿ, ಇಬ್ಬರೂ ಇರಲಿ, ಮನೆಯಲ್ಲಿ ರೊಟ್ಟಿಗೆ ಕೊರತೆಯಿಲ್ಲ. ರೇವಣಪ್ಪ ತಲೆ ಬಗ್ಗಿಸಿದ್ದ. ಸಿದ್ಧಯ್ಯ ಚಂಪಾಬಾಯಿಯನ್ನು ಕೇಳಿದರು.

"ನನಗ ಸೋಡ ಕೊಡಲಿ," ಅಂದಳು ಆಕೆ. ಸೋಡ ಅಂದರೆ ಬಿಡುಗಡೆ. ಗಂಡ ಬಿಟ್ಟುಕೊಡಲಿ, ಅಷ್ಟೇ.

ಉಮಾಬಾಯಿ ತಿರುಗಿಬಿದ್ದಳು. "ನಿನ್ನ ಕುಂಕುಮ ಉಳೀತು ಅಂತ ನಾ ಖುಷಿಪಟ್ಟರ, ನೀನೇ ಒರಸಿಕೊಳ್ತೀಯೇನ?"

"ಅತ್ತೀ, ನೀವು ಸೋಮವಾರ ಒರಸಾವ್ರೇ ಇದ್ರಿ. ನಾ ಬ್ಯಾಡ ಅಂದಿದ್ದಿಲ್ಲ."

ವೀರಭದ್ರ ಎದ್ದು ನಿಂತ. ಅವನ ಕಿವಿಗೆ ದೇವಣಿಯ ಕಡೆಯಿಂದ ಏನೋ ಗಾಳಿಮಾತು ಬಿದ್ದಿತ್ತು. "ಕೇಳ್ರಿ ಅಯ್ಯನೋರ. ಈಕಿಗೆ ಮೊದಲೇ ಎಲ್ಲೋ ಮಾತು ಆಗ್ಯದ. ಅಣ್ಣನ್ನ ಸಾಯಿಸಲಿಕ್ಕೇ ಕೂತಿದ್ಲು. ಕಿವಿ ಹೇಳಿ, ಹುಬ್ಬು ಹೇಳಿ, ಮುಂದ ಕೂತು ಗೊಂಬಿ ಮಾಡಿಸ್ಯಾಳ. ಬೇಕಾದರ ಅಮ್ಮನೋರನ್ನೇ ಕೇಳ್ರಿ, ಆವಾಗ ಏನೇನು ಮಾತಾಡ್ಯಾಳ."

ಹಾಗೆ ಮಾತಾಗಿದ್ದು ನಿಜವಾದರೆ ಸೋಡಕ್ಕೆ ಹಿರಿಯರು ಒಪ್ಪುತ್ತಿರಲಿಲ್ಲ. ಗಂಡ ಇರುವಾಗಲೇ ಇನ್ನೊಬ್ಬನಿಗೆ ಒಪ್ಪಿಗೆ ಕೊಟ್ಟಳು ಎಂದಾಗುತ್ತಿತ್ತು. ಎಲ್ಲರ ಕಣ್ಣೂ ಶರಣಬಸಮ್ಮನ ಕಡೆ ತಿರುಗಿತು. ಸಿದ್ಧಯ್ಯ ಕೇಳಿದರು, ಮನೆಯ ದನಿಯಲ್ಲಿ ಅಲ್ಲ, ಮಠದ ದನಿಯಲ್ಲಿ: "ಏನು ಮಾತಾಡ್ಯಾಳ?"

ಅಯ್ಯನವರ ಹೆಂಡತಿ ಮಠದ ಕಟ್ಟೆಯಲ್ಲಿ ಸುಳ್ಳು ಹೇಳುವುದು ಸಣ್ಣ ಸಂಗತಿಯಲ್ಲ. ಶರಣಬಸಮ್ಮ ಕೊರಳಿನ ಲಿಂಗದ ಮೇಲೆ ಕೈ ಇಡಲಿಲ್ಲ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಾ ಮಾರಿ ಹ್ಯಾಂಗದ ಅಂತ ಕೇಳಿದೆ. ಆಕಿ ಹೇಳಿದ್ಲು. ನಾ ಮಾಡಿದೆ. ಬ್ಯಾರೆ ಮಾತು ಆಗಿಲ್ರಿ."

ಸಿದ್ಧಯ್ಯ ಆಕೆಯನ್ನೇ ಸ್ವಲ್ಪ ಹೊತ್ತು ನೋಡಿ ರೇವಣಪ್ಪನ ಕಡೆ ತಿರುಗಿದರು. ರೇವಣಪ್ಪ ಆಗ ಬಾಯಿ ಬಿಟ್ಟ. "ಬಿಟ್ಟೀನ್ರಿ. ಆಕಿದೇನೂ ತಪ್ಪಿಲ್ಲ. ತಪ್ಪು ನಂದದ." ಹಿರಿಯರ ಎದುರು, ಸೋಡದ ಗುರುತಿಗೆ, ವೀಳ್ಯದೆಲೆಯನ್ನು ಉದ್ದಕ್ಕೆ ಹರಿದು ಅರ್ಧ ಚಂಪಾಬಾಯಿಯ ಮುಂದಿಟ್ಟ. ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಸಿದ್ಧಯ್ಯ ಆ ಮಾತು ಎತ್ತಲಿಲ್ಲ. ಉಣ್ಣುವಾಗ ಒಮ್ಮೆ ಮಾತ್ರ, "ಲಾಂಬಿ ಮೆತ್ತಿ ಮೆತ್ತಿ ನಿನ್ನ ಮಾತಿಗೂ ನುಣುಪು ಬಂದದ," ಎಂದರು. ಆಕೆ ಇನ್ನೊಂದು ರೊಟ್ಟಿ ಬಡಿಸಿದಳು.

ರೇವಣಪ್ಪ ಸೋಲಾಪುರಕ್ಕೆ ಹಿಂದಿರುಗಿದ. ಬದುಕಿರುವವನ ಬೊಂಬೆ ಜಗಲಿಯ ಮೇಲೆ ಇರಬಾರದು ಎಂದು ಉಮಾಬಾಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಶರಣಬಸಮ್ಮನ ಮುಂದಿಟ್ಟಳು. ಒಡೆಯಲು ಆಕೆಗೆ ಕೈ ಬಂದಿರಲಿಲ್ಲ. ಶರಣಬಸಮ್ಮನೂ ಒಡೆಯಲಿಲ್ಲ. ಒಣಗಿದ ಲಾಂಬಿಯ ಮೇಲೆ ಹಸಿ ಲಾಂಬಿ ಸುಮ್ಮನೆ ಹಿಡಿಯುವುದಿಲ್ಲ. ಮೊದಲು ಮುಖವನ್ನು ಹೆಂಚಿನ ಚೂರಿನಿಂದ ಉಜ್ಜಿ ತರಿ ಮಾಡಬೇಕು, ಎಣ್ಣೆ ಸವರಿ ಒಂದು ದಿನ ಬಿಡಬೇಕು. ಹಾಗೇ ಮಾಡಿದಳು. ಹುಬ್ಬು ಹೋಯಿತು, ಕಿವಿ ರುಮಾಲಿನ ಕೆಳಗೆ ಹೋಯಿತು, ಮುಷ್ಟಿಯ ಮೇಲೆ ಬಾರುಕೋಲು ಬಂತು. ಕಿವಿಯನ್ನು ಮುಚ್ಚುವಾಗ ಮಾತ್ರ ಆಕೆಯ ಕೈ ಒಂದು ಗಳಿಗೆ ತಡೆಯಿತು. ಅಂಥ ಕಿವಿ ಆಕೆಗೆ ಮತ್ತೆ ಬರಲಿಲ್ಲ.

ಚಂಪಾಬಾಯಿಯ ಉಡಕಿ ಮುಂದಿನ ಸುಗ್ಗಿಗೆ ದೇವಣಿಯಲ್ಲಿ ಆಯಿತು. ನಿಲಂಗಾದಿಂದ ಯಾರೂ ಹೋಗಲಿಲ್ಲ. ಕಲ್ಯಾಣಪ್ಪ ಸಿಟ್ಟಿನವನು ಆದರೆ ದುಡಿಯುವವನು ಎಂದು ಸುದ್ದಿ ಬರುತ್ತಿತ್ತು. ಇತ್ತ ಹೈದರಾಬಾದ್ ರಾಜ್ಯ ಒಡೆದು ಬೀದರ್ ಮೈಸೂರಿಗೆ ಹೋಯಿತು, ನಿಲಂಗಾ ಉದಗೀರಗಳು ಮುಂಬೈ ರಾಜ್ಯಕ್ಕೆ ಬಂದವು; ಆಮೇಲೆ ಅದೂ ಒಡೆದು ಈ ಭಾಗ ಮಹಾರಾಷ್ಟ್ರವಾಯಿತು. ಮಹಾರಾಷ್ಟ್ರವಾದ ವರ್ಷದ ಬೇಸಿಗೆಯಲ್ಲಿ ಶರಣಬಸಮ್ಮ ಗಂಡನ ಜೊತೆ ಉದಗೀರದ ಸ್ಟೇಶನ್ನಿನಲ್ಲಿ ಕೂತಿದ್ದಾಗ, ಸೊಂಟದಲ್ಲಿ ಒಂದು, ಕೈಯಲ್ಲಿ ಒಂದು ಮಗು ಹಿಡಿದ ಹೆಂಗಸು ಬಂದು ಕಾಲು ಮುಟ್ಟಿದಳು. ಚಂಪಾಬಾಯಿ ತುಸು ದಪ್ಪಗಾಗಿದ್ದಳು.

"ಅತ್ತಿ ಹ್ಯಾಂಗದಾರ್ರಿ?" ಎಂದು ಕೇಳಿದಳು. ಉಮಾಬಾಯಿಯನ್ನು ಈಗಲೂ ಅತ್ತಿ ಎಂದೇ ಅಂದಳು.

"ಕಣ್ಣು ಮಂದ ಆಗ್ಯಾವ. ಕೋಲು ಹಿಡದು ಮಠಕ್ಕ ಬರ್ತಾರ. ಮೊಮ್ಮಗ ಸೋಲಾಪುರದಿಂದ ಸೂಟಿಗೆ ಬಂದಿದ್ದ."

ಚಂಪಾಬಾಯಿ ತಲೆಯಾಡಿಸಿದಳು. ಮಗುವಿನ ಮೂಗು ಒರಸಿದಳು. ಸಿದ್ಧಯ್ಯ ಜೋಳಿಗೆಯಿಂದ ವಿಭೂತಿ ತೆಗೆದು ಎರಡೂ ಮಕ್ಕಳ ಹಣೆಗೆ ಹಚ್ಚಿದರು. ಗಾಡಿ ಬರುವ ಹೊತ್ತಾಯಿತೆಂದು ಜನ ಏಳತೊಡಗಿದಾಗ ಚಂಪಾಬಾಯಿ ಬಗ್ಗಿ, ಅಯ್ಯನವರಿಗೆ ಕೇಳದ ಹಾಗೆ, "ಅವತ್ತು ಕಟ್ಟಿ ಮ್ಯಾಲ..." ಎಂದು ಶುರು ಮಾಡಿದಳು.

"ಹುಡುಗರನ್ನ ಬರೋಬ್ಬರಿ ಹಿಡಕೋ," ಅಂದಳು ಶರಣಬಸಮ್ಮ. "ಗದ್ದಲ ಭಾಳದ."

ಚಂಪಾಬಾಯಿ ಹಿಡಿದುಕೊಂಡಳು. ಹೆಂಗಸರ ಡಬ್ಬಿಯಲ್ಲಿ ಆಕೆಗೆ ಕಿಟಕಿಯ ಹತ್ತಿರವೇ ಜಾಗ ಸಿಕ್ಕಿತು.